ತಾಲ್ಲೂಕು ಕಚೇರಿಗೆ ‘ನಮ್ಮವರು’ ಬಂದರೆ ಕೆಲಸ ಬೇಗ ಆಗುತ್ತದೆಯೇ?

ಕೆರೆಯಂಗಳ

ಹೊಸ ತಹಶೀಲ್ದಾರರು ಬಂದು ಕುರ್ಚಿ ಬಿಸಿಯಾಗುವ ಮೊದಲೇ ನಮ್ಮ ತಾಲ್ಲೂಕಿನ ಬಸ್ ನಿಲ್ದಾಣದ ಎದುರು ಫ್ಲೆಕ್ಸ್ ಎದ್ದಿದೆ: ‘ನಮ್ಮ ಸಮಾಜದ ಹೆಮ್ಮೆ’. ಕೆಳಗೆ ಸಂಘದ ಪದಾಧಿಕಾರಿಗಳ ಮುಖಗಳ ಸಾಲು. ತಹಶೀಲ್ದಾರರು ನಮ್ಮ ಜಾತಿಯವರೇ. ಅಜ್ಜನ ಹೆಸರಿನಲ್ಲಿರುವ ಜಮೀನಿನ ಪೌತಿ ಖಾತೆಗಾಗಿ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಲು) ಅಲೆದು ಸುಸ್ತಾಗಿರುವ ನಮ್ಮ ಚಿಕ್ಕಪ್ಪನವರಿಗೆ ಹೋದ ಜೀವ ಬಂದಂತಾಗಿದೆ. ‘ಇನ್ನು ಚಿಂತೆಯಿಲ್ಲ, ನಮ್ಮವರೇ ಬಂದರಲ್ಲ’ ಎನ್ನುತ್ತಿದ್ದಾರೆ.

ನನಗೆ ಅನುಮಾನ. ಅಧಿಕಾರಿ ನಮ್ಮ ಜಾತಿಯವರು, ನಮ್ಮ ಊರಿನವರು, ನಮ್ಮ ಭಾಷೆಯವರು ಆಗಿದ್ದರೆ, ಅಥವಾ ಹೆಂಗಸರ ವಿಷಯ ಕೇಳಲು ಹೆಂಗಸೇ ಕುಳಿತಿದ್ದರೆ ಸರ್ಕಾರದ ಸೇವೆ ನಿಜವಾಗಿ ಬದಲಾಗುತ್ತದೆಯೇ? ಕಚೇರಿಯ ಒಳಗೆ ಕುಳಿತವರು, ಹೊರಗೆ ನಿಂತವರು ಇಬ್ಬರೂ ಹೇಳಿ. ಪಕ್ಷಗಳ ಜಗಳವನ್ನು ಮಾತ್ರ ಇಲ್ಲಿಗೆ ತರಬೇಡಿ.

ಅರ್ಧಪಾವು

ನಮ್ಮವರು ಬಂದರೆ ಕೂರಲು ಕುರ್ಚಿ ಸಿಗುತ್ತದೆ, ಕುಡಿಯಲು ಚಹಾ ಸಿಗುತ್ತದೆ. ಖಾತೆಗೆ ಹಳೆಯ ದರವೇ.

ಹಳೇ ಶಿರಸ್ತೇದಾರ

ಕಂದಾಯ ಇಲಾಖೆಯಲ್ಲಿ ಸೇವೆ ಮುಗಿಸಿದವನು ನಾನು. ಈ ಪ್ರಶ್ನೆ ನಮ್ಮ ರಾಜ್ಯಕ್ಕೆ ಹೊಸದಲ್ಲ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ.

ಮೈಸೂರು ಸಂಸ್ಥಾನದಲ್ಲಿ ಮೊದಲು ನಡೆದ ಜಗಳ ಮದರಾಸಿನಿಂದ ಬಂದ ಅಧಿಕಾರಿಗಳಿಗೂ ಇಲ್ಲಿನವರಿಗೂ. 1881ರಲ್ಲಿ ದಿವಾನರಾದ ರಂಗಾಚಾರ್ಲು, ಅವರ ನಂತರ ಬಂದ ಶೇಷಾದ್ರಿ ಅಯ್ಯರ್ ಇಬ್ಬರೂ ಮದರಾಸಿನ ಕಡೆಯವರು. ಮೈಸೂರು ಮೈಸೂರಿನವರಿಗೇ ಸೇರಬೇಕು ಎಂದು ಕೂಗಿದವರಲ್ಲಿ ಮುಂದೆ ಇದ್ದವರು ಇಲ್ಲಿನ ಓದಿದ ಬ್ರಾಹ್ಮಣರು. ಆ ಜಗಳದಲ್ಲಿ ಯಾರು ಗೆದ್ದರೂ ಮಳವಳ್ಳಿಯ ರೈತನಿಗೆ ಕಚೇರಿಯ ಮೆಟ್ಟಿಲು ಅಷ್ಟೇ ಎತ್ತರವಾಗಿತ್ತು. 1917ರಲ್ಲಿ ಬ್ರಾಹ್ಮಣೇತರರ ಸಂಘಟನೆಯಾದ ಪ್ರಜಾಮಿತ್ರ ಮಂಡಳಿ ಹುಟ್ಟಿದ ಮೇಲೆ ಪ್ರಶ್ನೆ ಬದಲಾಯಿತು: ‘ಇಲ್ಲಿನವರು ಎಂದರೆ ಯಾರು?’ 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ, ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರ ಪಾಲು ಹೆಚ್ಚಿಸುವ ದಾರಿ ಹೇಳಲು ಸಮಿತಿ ನೇಮಿಸಿದರು. ದಿವಾನ್ ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆಯಾಗಲಿಲ್ಲ, ಅದೇ ವರ್ಷ ಅವರು ಅಧಿಕಾರ ಬಿಟ್ಟರು. 7 ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೆಯ ಎರಡು ಭಾಗ ಹಿಂದುಳಿದ ಸಮುದಾಯಗಳಿಗೆ ಸಿಗಬೇಕು ಎಂದು ಸಮಿತಿ ಹೇಳಿತು. ಸಂಬಳ ಯಾರಿಗೆ ಸಿಗಬೇಕು ಎಂಬುದಷ್ಟೇ ಅಲ್ಲಿ ಪ್ರಶ್ನೆಯಾಗಿರಲಿಲ್ಲ. ಒಂದೇ ಸಮುದಾಯ ತುಂಬಿರುವ ಕಚೇರಿಗೆ ಉಳಿದವರು ಕಾಲಿಡಲು ಅಂಜುತ್ತಾರೆ ಎಂಬುದೂ ಇತ್ತು.

ಇನ್ನು ಹಳ್ಳಿಯ ಮಟ್ಟಕ್ಕೆ ಬರೋಣ. ಪಟೇಲ, ಶಾನುಭೋಗ ಇಬ್ಬರೂ ಊರಿನವರೇ, ವಂಶಪಾರಂಪರ್ಯದವರು. ಊರಿನ ಪ್ರತಿ ಕಲ್ಲು, ಪ್ರತಿ ಬದು ಶಾನುಭೋಗರ ಬಾಯಲ್ಲಿ. ಅಷ್ಟು ಗೊತ್ತಿದ್ದದ್ದರಿಂದಲೇ ಯಾರ ಹೆಸರನ್ನು ಬರೆಯಬೇಕು, ಯಾರ ಹೆಸರನ್ನು ಬಿಡಬೇಕು ಎಂಬುದೂ ಅವರಿಗೆ ಗೊತ್ತಿತ್ತು. ಗೇಣಿ ಮಾಡುತ್ತಿದ್ದವನ ಹೆಸರು ಪಹಣಿಯ ಕಾಲಂನಲ್ಲಿ ಇಲ್ಲದೆ ಹೋದದ್ದು ಹೊರಗಿನವರು ಮಾಡಿದ ಅನ್ಯಾಯವಲ್ಲ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರವರಿಯಲ್ಲಿ ಜಾರಿಗೆ ಬಂದು ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಹಳೆಯವರು ‘ಊರು ಗೊತ್ತಿಲ್ಲದ ಹುಡುಗ ಏನು ಬರೆದಾನು’ ಎಂದು ಗೊಣಗಿದರು. ಊರು ಗೊತ್ತಿಲ್ಲದವನೇ ಬೇಕಾಗಿತ್ತು ಎಂದು ಗೇಣಿದಾರರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಅರ್ಧಪಾವು

ಶಿರಸ್ತೇದಾರರೇ, ಹಾಗಾದರೆ ನಮ್ಮವರೇ ನಮಗೆ ಶತ್ರು ಎನ್ನುತ್ತೀರಾ?

ಹಳೇ ಶಿರಸ್ತೇದಾರ

ಶತ್ರು ಎನ್ನಲಿಲ್ಲಪ್ಪ. ಅದೇ ಇಲಾಖೆಯಿಂದ ಇದಕ್ಕೆ ವಿರುದ್ಧವಾದ ಉದಾಹರಣೆಯನ್ನೂ ಕೊಡುತ್ತೇನೆ. 1974ರ ಭೂಸುಧಾರಣೆ ತಿದ್ದುಪಡಿಯಲ್ಲಿ ದೇವರಾಜ ಅರಸು ಸರ್ಕಾರ ಭೂ ನ್ಯಾಯಮಂಡಳಿಗಳನ್ನು ಮಾಡಿತು. ಉಪವಿಭಾಗಾಧಿಕಾರಿ ಅಧ್ಯಕ್ಷರು, ಜೊತೆಗೆ ಸರ್ಕಾರ ನಾಮಕರಣ ಮಾಡಿದ ನಾಲ್ವರು. ಆ ನಾಲ್ವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಿರಬೇಕು. ವಕೀಲರಿಗೆ ಪ್ರವೇಶವಿಲ್ಲ. ದಾಖಲೆಯಿಲ್ಲದ ಗೇಣಿದಾರ ಬಂದು ‘ಈ ಗದ್ದೆಯನ್ನು ನಮ್ಮಪ್ಪನ ಕಾಲದಿಂದ ಉಳುತ್ತಿದ್ದೇನೆ’ ಎಂದರೆ ಅವನ ಮಾತನ್ನೂ, ಅಕ್ಕಪಕ್ಕದವರ ಸಾಕ್ಷಿಯನ್ನೂ ಕೇಳುವ ಜನ ಅಲ್ಲಿದ್ದರು. ನ್ಯಾಯಾಲಯದ ಕಟಕಟೆಯಲ್ಲಿ ಬಾಯಿ ಬಿಡದವರು ಇಲ್ಲಿ ಮಾತಾಡಿದರು ಎಂದು ನಾನು ಸೇವೆಗೆ ಸೇರಿದಾಗ ಹಿರಿಯ ಗುಮಾಸ್ತರು ಹೇಳುತ್ತಿದ್ದರು. ದಕ್ಷಿಣ ಕನ್ನಡ, ಉತ್ತರ ಕನ್ನಡಗಳಲ್ಲಿ ಉಳುವವರಿಗೆ ಭೂಮಿ ಸಿಕ್ಕಿದ್ದರಲ್ಲಿ ಈ ಏರ್ಪಾಡಿಗೆ ದೊಡ್ಡ ಪಾಲಿದೆ.

ಎರಡಕ್ಕೂ ಇರುವ ವ್ಯತ್ಯಾಸ ನೋಡಿ. ಶಾನುಭೋಗರು ಒಬ್ಬರೇ ಕುಳಿತು ಬರೆಯುತ್ತಿದ್ದರು. ಮಂಡಳಿಯಲ್ಲಿ ಐವರು ಕುಳಿತು ಊರಿನವರ ಎದುರಿಗೇ ಕೇಳುತ್ತಿದ್ದರು.

ಕೂಲಿಕಾರನ ಮಗ

ಸರ್, ಮಂಡಳಿಯ ಕಥೆಯ ಉಳಿದ ಅರ್ಧವನ್ನೂ ಹೇಳಿ. ಗೇಣಿ ಮಾಡುತ್ತಿದ್ದವನಿಗೆ ಭೂಮಿ ಬಂತು. ಗೇಣಿಯೇ ಇಲ್ಲದೆ ಜೀತಕ್ಕಿದ್ದವನಿಗೆ, ದಿನಗೂಲಿಯವನಿಗೆ ಏನು ಬಂತು? ಬಯಲುಸೀಮೆಯ ಬಹುಪಾಲು ದಲಿತರು ಗೇಣಿದಾರರೇ ಆಗಿರಲಿಲ್ಲ. ಮಂಡಳಿಯಲ್ಲಿ ನಮ್ಮ ಒಬ್ಬ ಸದಸ್ಯ ಕುಳಿತಿದ್ದರೂ ಅವನ ಮುಂದೆ ಬರಲು ನಮ್ಮ ಹತ್ತಿರ ಅರ್ಜಿಯೇ ಇರಲಿಲ್ಲ. ಕುರ್ಚಿಯಲ್ಲಿ ಯಾರು ಕುಳಿತಿದ್ದಾರೆ ಎಂಬುದಕ್ಕಿಂತ ಯಾವ ಅರ್ಜಿಗೆ ಕಾನೂನಿನಲ್ಲಿ ಜಾಗವಿದೆ ಎಂಬುದು ಮೊದಲು.

ಹಳೇ ಶಿರಸ್ತೇದಾರ

ಒಪ್ಪಿದೆ. ಅದು ನ್ಯಾಯವಾದ ಮಾತು.

ಪಿಎಚ್‌ಸಿ ಸಿಸ್ಟರ್

ನೀವೆಲ್ಲ ಜಮೀನು, ಜಾತಿ ಎಂದೇ ಮಾತಾಡುತ್ತಿದ್ದೀರಿ. ನಮ್ಮ ಇಲಾಖೆಯ ಕಡೆಗೂ ಬನ್ನಿ. ಅಧಿಕಾರಿಯೂ ಜನರೂ ಒಂದೇ ಊರಿನವರಾಗಿರಬೇಕು ಎಂಬುದನ್ನೇ ಆಧಾರ ಮಾಡಿಕೊಂಡ ಯೋಜನೆ ಆಶಾ. 2005ರಲ್ಲಿ ಬಂದ ಗ್ರಾಮೀಣ ಆರೋಗ್ಯ ಅಭಿಯಾನದ ನಿಯಮವೇ ಹಾಗಿದೆ: ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬಳು, ಅದೇ ಊರಿನಲ್ಲಿ ವಾಸವಿರುವ ಹೆಂಗಸು, ಮದುವೆಯಾದವಳೋ ವಿಧವೆಯೋ ಗಂಡ ಬಿಟ್ಟವಳೋ ಆದರೆ ಒಳ್ಳೆಯದು. ಮದುವೆಯಾಗದ ಹುಡುಗಿ ನಾಳೆ ಬೇರೆ ಊರಿಗೆ ಹೋಗುತ್ತಾಳೆ ಎಂಬ ಲೆಕ್ಕ.

ಇದರಿಂದ ಆದ ಒಳ್ಳೆಯದನ್ನು ಕಣ್ಣಾರೆ ಕಂಡಿದ್ದೇನೆ. ಚೊಚ್ಚಲ ಬಸುರಿಯನ್ನು ಆಸ್ಪತ್ರೆಗೆ ಕಳಿಸಲು ಅತ್ತೆ ಒಪ್ಪದಿದ್ದಾಗ, ನಾನು ಬಿಳಿ ಕೋಟು ಹಾಕಿಕೊಂಡು ಎಷ್ಟು ಹೇಳಿದರೂ ಕೇಳದವರು, ಆಶಾ ಅಕ್ಕ ‘ನಿಮ್ಮ ಮಗಳಿಗೆ ಹೀಗೇ ಆಗಿದ್ದಾಗ ಏನು ಮಾಡಿದಿರಿ ಅತ್ತೆಮ್ಮ?’ ಎಂದು ಕೇಳಿದ ತಕ್ಷಣ ಬ್ಯಾಗು ಕಟ್ಟುತ್ತಾರೆ. ಆ ಪ್ರಶ್ನೆಯನ್ನು ಊರಿನವಳು ಮಾತ್ರ ಕೇಳಬಲ್ಲಳು.

ಇದೇ ಊರಿನವಳು ಎಂಬ ಕಾರಣಕ್ಕೇ ಅವಳಿಂದ ಮುಚ್ಚಿಡುವುದೂ ಅಷ್ಟೇ ಇದೆ. ಕ್ಷಯ ಇದ್ದರೆ ಮುಚ್ಚಿಡುತ್ತಾರೆ. ಎಚ್‌ಐವಿ ಎಂದರೆ ಕೇಳುವುದೇ ಬೇಡ, ನಮ್ಮ ಕೇಂದ್ರ ಬಿಟ್ಟು ಪಕ್ಕದ ಜಿಲ್ಲೆಯ ಆಸ್ಪತ್ರೆಗೆ ಬಸ್ ಹತ್ತುತ್ತಾರೆ. ಮದುವೆಯಾಗದ ಹುಡುಗಿಗೆ ತಿಂಗಳು ನಿಂತರೆ ಆಶಾ ಕಣ್ಣಿಗೆ ಬೀಳದಂತೆ ಓಡಾಡುತ್ತಾರೆ. ಆಗ ಅವರಿಗೆ ಬೇಕಾಗಿರುವುದು ಅವರ ಅಜ್ಜಿಯ ಹೆಸರೇ ಗೊತ್ತಿಲ್ಲದ ಡಾಕ್ಟರು. ಆಶಾ ಗುಟ್ಟು ಬಿಟ್ಟುಕೊಡುವವಳಲ್ಲ ಎಂದು ನನಗೆ ಗೊತ್ತು. ಆದರೆ ಅವಳು ಇವರ ಮನೆ ಬಾಗಿಲಲ್ಲಿ ನಿಂತದ್ದನ್ನು ಎದುರು ಮನೆಯವರು ನೋಡಿದರೆ ಸಾಕಲ್ಲ.

ಇನ್ನೊಂದು ವಿಷಯ, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಊರಿನ ಆಶಾ ಎಂದರೆ ಊರಿನ ಯಾವ ಬೀದಿಯವಳು? ಮೇಲಿನ ಬೀದಿಯವಳಾದರೆ ಕೇರಿಯ ಮನೆಗಳಲ್ಲಿ ಬಾಗಿಲ ಹೊರಗೇ ನಿಂತು ವಿಚಾರಿಸಿ ಬರುತ್ತಾಳೆ. ಕೇರಿಯವಳಾದರೆ ಮೇಲಿನ ಬೀದಿಯವರು ಅವಳನ್ನು ಹೊರಗೆ ನಿಲ್ಲಿಸುತ್ತಾರೆ. ಎರಡು ಕಡೆಯೂ ಪುಸ್ತಕದಲ್ಲಿ ‘ಭೇಟಿ ನೀಡಲಾಗಿದೆ’ ಎಂದೇ ದಾಖಲಾಗುತ್ತದೆ.

ಕೆರೆಯಂಗಳ

ಸಿಸ್ಟರ್, ಇದು ನನಗೆ ಹೊಳೆದೇ ಇರಲಿಲ್ಲ. ನಮ್ಮವರಾದರೆ ಬಾಯಿ ಬಿಡುತ್ತೇವೆ ಎಂದುಕೊಂಡಿದ್ದೆ, ನಮ್ಮವರು ಎಂಬುದಕ್ಕೇ ಬಾಯಿ ಮುಚ್ಚುವುದೂ ಉಂಟು.

ಅಂಕಿಸಂಖ್ಯೆ

ಅನುಭವಗಳ ಜೊತೆಗೆ ಅಧ್ಯಯನಗಳು ಏನು ಹೇಳುತ್ತವೆ ಎಂಬುದನ್ನೂ ಸೇರಿಸುತ್ತೇನೆ. ಭಾರತದಲ್ಲಿ ಈ ವಿಷಯದ ಮೇಲೆ ಒಳ್ಳೆಯ ಕೆಲಸ ನಡೆದಿದೆ.

ರಾಘಬೇಂದ್ರ ಚಟ್ಟೋಪಾಧ್ಯಾಯ, ಎಸ್ತರ್ ಡುಫ್ಲೊ 2004ರಲ್ಲಿ ಪ್ರಕಟಿಸಿದ ಅಧ್ಯಯನ ಪಶ್ಚಿಮ ಬಂಗಾಳ, ರಾಜಸ್ಥಾನದ ಪಂಚಾಯಿತಿಗಳದ್ದು. ಮಹಿಳಾ ಮೀಸಲಾತಿ ಯಾವ ಪಂಚಾಯಿತಿಗೆ ಎಂಬುದು ಸರದಿಯ ಮೇಲೆ ನಿರ್ಧಾರವಾಗುತ್ತಿದ್ದುದರಿಂದ ಹೋಲಿಕೆ ಸುಲಭವಾಯಿತು. ಅಧ್ಯಕ್ಷೆ ಇದ್ದ ಕಡೆ ಕುಡಿಯುವ ನೀರಿಗೆ ಹೆಚ್ಚು ಹಣ ಹೋಯಿತು, ಹೆಂಗಸರು ಹೆಚ್ಚು ಕೇಳುತ್ತಿದ್ದುದೂ ಅದನ್ನೇ. ನಮ್ಮಲ್ಲಿ 1987ರ ಚುನಾವಣೆಯಲ್ಲೇ ಮಂಡಲ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಕಾಲು ಭಾಗ ಸ್ಥಾನವಿತ್ತು ಎಂಬುದನ್ನು ನೆನಪಿಡಿ, ದೇಶದ ಪಂಚಾಯಿತಿಗಳಲ್ಲೆಲ್ಲ ಮಹಿಳಾ ಮೀಸಲಾತಿ ತಂದ ಸಂವಿಧಾನದ 73ನೇ ತಿದ್ದುಪಡಿಗಿಂತ ಮೊದಲೇ.

ಜಾತಿಯ ವಿಷಯದಲ್ಲಿ ಚಿತ್ರ ಇಷ್ಟು ಸ್ಪಷ್ಟವಾಗಿಲ್ಲ. ಥ್ಯಾಡ್ ಡನ್ನಿಂಗ್, ಜಾಹ್ನವಿ ನಿಲೇಕಣಿ 2013ರಲ್ಲಿ ಕರ್ನಾಟಕ, ರಾಜಸ್ಥಾನ, ಬಿಹಾರದ ಪಂಚಾಯಿತಿಗಳನ್ನು ನೋಡಿದರು. ಅಧ್ಯಕ್ಷ ಸ್ಥಾನ ಪರಿಶಿಷ್ಟರಿಗೆ ಮೀಸಲಾದಾಗ ಸೌಲಭ್ಯಗಳು ಆ ಸಮುದಾಯದ ಕಡೆಗೆ ತಿರುಗಿದ್ದು ಬಹಳ ಕಡಿಮೆ. ಪಕ್ಷದ ಜಾಲವೇ ಹೆಚ್ಚು ನಿರ್ಧರಿಸುತ್ತಿತ್ತು. ಅಂದರೆ ‘ನಮ್ಮ ಜಾತಿಯವನು’ ಎನ್ನುವುದಕ್ಕಿಂತ ‘ನಮ್ಮ ಪಕ್ಷದವನು’ ಎನ್ನುವುದೇ ಬಲವಾಗಿತ್ತು.

ನನಗೆ ಎಲ್ಲಕ್ಕಿಂತ ಹೆಚ್ಚು ಅಚ್ಚರಿಯಾದದ್ದು 2017ರಲ್ಲಿ ಪ್ರಕಟವಾದ ಬ್ಯಾಂಕಿನ ಅಧ್ಯಯನ. ಸರ್ಕಾರಿ ಬ್ಯಾಂಕಿನ ಸಾಲದ ಅಧಿಕಾರಿಯೂ ಸಾಲಗಾರನೂ ಒಂದೇ ಧರ್ಮ ಅಥವಾ ಜಾತಿಗೆ ಸೇರಿದಾಗ ಸಾಲ ಹೆಚ್ಚು ಸಿಕ್ಕಿತು. ಇದರಲ್ಲಿ ವಿಶೇಷವಿಲ್ಲ, ಪಕ್ಷಪಾತ ಎಂದು ತಳ್ಳಿಹಾಕಬಹುದು. ಆದರೆ ಮರುಪಾವತಿಯೂ ಸುಧಾರಿಸಿತು! ಬರಿಯ ಪಕ್ಷಪಾತವಾಗಿದ್ದರೆ ಸಾಲ ಮುಳುಗಬೇಕಿತ್ತು. ತನ್ನ ಜನರ ವ್ಯವಹಾರ ಅಧಿಕಾರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು, ಯಾರು ತೀರಿಸುತ್ತಾರೆ ಎಂದು ಅಳೆಯಬಲ್ಲವನಾಗಿದ್ದ ಎಂದು ಓದಬೇಕಾಗುತ್ತದೆ.

ಕೂಲಿಕಾರನ ಮಗ

ಆ ಬ್ಯಾಂಕಿನಲ್ಲಿ ಸಾಲದ ಅಧಿಕಾರಿಗಳು ಹೆಚ್ಚಾಗಿ ಯಾರ ಜನ? ನಮ್ಮವನೊಬ್ಬ ಅಲ್ಲಿ ಕುಳಿತಿಲ್ಲದಿದ್ದರೆ ನಮ್ಮನ್ನು ಅಳೆಯಬಲ್ಲವರು ಯಾರೂ ಇಲ್ಲ ಎಂದಾಯಿತು. ಅಧ್ಯಯನವನ್ನು ಹೀಗೂ ಓದಬಹುದಲ್ಲ, ಸರ್?

ಅಂಕಿಸಂಖ್ಯೆ

ಖಂಡಿತ. ಅಧಿಕಾರಿ ವರ್ಗದಲ್ಲಿ ಎಲ್ಲರೂ ಇರಬೇಕು ಎಂಬ ವಾದಕ್ಕೆ ಇದಕ್ಕಿಂತ ಗಟ್ಟಿಯಾದ ಕಾರಣ ನನಗೆ ಕಂಡಿಲ್ಲ.

ತೊಗರಿ ನಾಡು

ದಕ್ಷಿಣದವರು ಮೈಸೂರಿನ ಮಾತಾಡಿ ಮುಗಿಸಿಬಿಡುತ್ತೀರಿ. ಈ ಕಡೆಗೂ ಸ್ವಲ್ಪ ನೋಡಿ.

ನಿಜಾಮರ ಆಳ್ವಿಕೆಯಲ್ಲಿ ಕಲಬುರಗಿ, ಬೀದರ್, ರಾಯಚೂರಿನ ರೈತ ಕನ್ನಡ ಮಾತಾಡುತ್ತಿದ್ದ, ಕಚೇರಿ ಉರ್ದುವಿನಲ್ಲಿ ಬರೆಯುತ್ತಿತ್ತು. ಉತ್ತರ ಹಿಂದೂಸ್ತಾನದಿಂದ ತಂದ ಅಧಿಕಾರಿಗಳ ವಿರುದ್ಧ ಹೈದರಾಬಾದಿನವರು ಎದ್ದರು, ಮುಲ್ಕಿ ನಿಯಮ ಬಂತು. 15 ವರ್ಷ ವಾಸವಿದ್ದವರಿಗೆ ಮಾತ್ರ ನೌಕರಿ. ಕನ್ನಡದ ರೈತನಿಗೆ ಮುಲ್ಕಿ (ಸ್ಥಳೀಯ) ಬಂದರೂ ಗೈರ್ ಮುಲ್ಕಿ (ಹೊರಗಿನವ) ಬಂದರೂ ಅರ್ಜಿ ಬರೆಸಲು ಮುನ್ಷಿಯೇ ಗತಿ. 1956ರಲ್ಲಿ ಕರ್ನಾಟಕಕ್ಕೆ ಸೇರಿದೆವು, ಭಾಷೆಯ ತೊಡಕು ತಪ್ಪಿತು. ಆಮೇಲೆ ಶುರುವಾದದ್ದು ಬೇರೆ ತೊಡಕು. ದಕ್ಷಿಣದಿಂದ ಬಂದ ಅಧಿಕಾರಿಗೆ ಇದು ಶಿಕ್ಷೆಯ ವರ್ಗಾವಣೆ. ಬಂದ ದಿನದಿಂದ ಹೋಗುವ ದಾರಿ ಹುಡುಕುತ್ತಿದ್ದ. ಕುರ್ಚಿ ಖಾಲಿ. ಪ್ರಾದೇಶಿಕ ಅಸಮಾನತೆ ಕುರಿತ 2002ರ ನಂಜುಂಡಪ್ಪ ಸಮಿತಿ ವರದಿಯ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ನಮ್ಮ ಕಲಬುರಗಿ ವಿಭಾಗದವು.

ವೈಜನಾಥ ಪಾಟೀಲರಂಥವರ ಹೋರಾಟದ ಫಲವಾಗಿ 2012ರಲ್ಲಿ ಸಂವಿಧಾನದ 98ನೇ ತಿದ್ದುಪಡಿಯಿಂದ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ವಿಧಿ ಬಂತು. ಸ್ಥಳೀಯ ವೃಂದದಲ್ಲಿ ಎ ಮತ್ತು ಬಿ ದರ್ಜೆಗೆ ಶೇ 75, ಸಿ ದರ್ಜೆಗೆ ಶೇ 80, ಡಿ ದರ್ಜೆಗೆ ಶೇ 85 ಇಲ್ಲಿನವರಿಗೆ ಮೀಸಲು. ನನ್ನ ಮಟ್ಟಿಗೆ ಇದರ ದೊಡ್ಡ ಲಾಭ ಭಾವನೆಯದ್ದಲ್ಲ, ಹಾಜರಿಯದ್ದು. ಇಲ್ಲಿಯವನು ಇಲ್ಲಿಂದ ಓಡಿಹೋಗುವುದಿಲ್ಲ. ಕಚೇರಿಯಲ್ಲಿ ಆಳು ಇರುವುದು ನಿಮಗೆ ಸಣ್ಣ ವಿಷಯವಾಗಿ ಕಾಣಬಹುದು, ನಮಗಲ್ಲ.

ಅರ್ಧಪಾವು

ತೊಗರಿ ನಾಡಿನವರೇ, ಊರಿನವನೇ ಶಿಕ್ಷಕನಾದರೆ ಅವನು ಊರಿನಲ್ಲಿ ಇರುತ್ತಾನೆ ಎಂಬುದು ಸರಿ, ಶಾಲೆಯಲ್ಲಿ ಇರುತ್ತಾನೆಯೇ? ನಮ್ಮ ಕಡೆ ಒಬ್ಬರು ಬಿತ್ತನೆಯ ಕಾಲದಲ್ಲಿ ಬೆಳಿಗ್ಗೆ ಸಹಿ ಹಾಕಿ ಹೊಲಕ್ಕೆ ಹೋಗುತ್ತಿದ್ದರು. ಇಡೀ ಊರಿಗೆ ಗೊತ್ತು. ದೂರು ಕೊಡಬೇಕಾದವರೆಲ್ಲ ಅವರಿಗೆ ಬೀಗರೋ ಭಾವನೆಂಟರೋ ಆಗಬೇಕು.

ತೊಗರಿ ನಾಡು

ಹೊರಗಿನ ಶಿಕ್ಷಕ ಪಟ್ಟಣದಲ್ಲಿ ಮನೆ ಮಾಡಿ ಹನ್ನೊಂದು ಗಂಟೆಯ ಬಸ್ಸಿಗೆ ಬಂದು ಮೂರರ ಬಸ್ಸಿಗೆ ಹೋಗುವುದನ್ನು ನೀವು ನೋಡಿಲ್ಲವೇ? ಕಳ್ಳಾಟಕ್ಕೆ ಊರಿನ ಹಂಗಿಲ್ಲ. ನಮ್ಮವನನ್ನು ಸಂಜೆ ಕಟ್ಟೆಯ ಮೇಲೆ ಹಿಡಿದು ಕೇಳಬಹುದು, ಅಷ್ಟೇ ವ್ಯತ್ಯಾಸ. ಅಷ್ಟೇ ಸಾಕು ಎಂದೂ ನಾನು ಹೇಳುವುದಿಲ್ಲ.

ಅಂಕಿಸಂಖ್ಯೆ

ನೀವಿಬ್ಬರೂ ಸೇರಿ ಒಂದು ಅಧ್ಯಯನವನ್ನೇ ಜಗಳವಾಡುತ್ತಿದ್ದೀರಿ. ರಿಖಿಲ್ ಭಾವನಾನಿ, ಅಲೆಕ್ಸಾಂಡರ್ ಲೀ ಐಎಎಸ್ ಅಧಿಕಾರಿಗಳ ಬಗ್ಗೆ ಮಾಡಿದ ಕೆಲಸದ ಸಾರ ಹತ್ತಿರ ಹತ್ತಿರ ಇದೇ. ಸ್ಥಳೀಯ ಮೂಲದ ಅಧಿಕಾರಿ ಉತ್ತಮವಾಗಿ ಕೆಲಸ ಮಾಡುವುದು ಜನರು ಓದು ಬಲ್ಲವರಾಗಿ, ಪತ್ರಿಕೆ ಓದುವವರಾಗಿ, ಅವನನ್ನು ಪ್ರಶ್ನಿಸಬಲ್ಲವರಾಗಿರುವ ಕಡೆ. ಅದಿಲ್ಲದ ಕಡೆ ಸ್ಥಳೀಯತೆಯಿಂದ ಲಾಭ ಕಾಣುವುದಿಲ್ಲ. ಸರ್ಕಾರಕ್ಕೂ ಈ ವಿಷಯದಲ್ಲಿ ಒಂದು ಮನಸ್ಸಿಲ್ಲ: ಐಎಎಸ್ ಹಂಚಿಕೆಯಲ್ಲಿ ತವರು ರಾಜ್ಯದವರು ಒಬ್ಬರಿಗೆ ಹೊರಗಿನವರು ಇಬ್ಬರು ಎಂಬ ಲೆಕ್ಕ, ಚುನಾವಣೆ ಬಂದರೆ ಆಯೋಗ ಸ್ವಂತ ಜಿಲ್ಲೆಯಲ್ಲಿರುವ ಅಧಿಕಾರಿಗಳನ್ನು ಎತ್ತಂಗಡಿ ಮಾಡಿಸುತ್ತದೆ, ಆಶಾಗೆ ಬಂದರೆ ಅದೇ ಊರಿನವಳೇ ಬೇಕು.

ಚಂದ್ರಗಿರಿ ತೀರ

ಕಾಸರಗೋಡಿನಿಂದ ಬರೆಯುತ್ತಿದ್ದೇನೆ. ನಿಮ್ಮ ಚರ್ಚೆಯಲ್ಲಿ ಭಾಷೆ ಒಂದು ಸಾಲಿನಲ್ಲಿ ಬಂದು ಹೋಯಿತು, ನಮಗೆ ಅದೇ ಎಲ್ಲ. ಜಾತಿ ಬೇರೆಯಾದ ಅಧಿಕಾರಿ ನನ್ನ ಅರ್ಜಿಯನ್ನು ಓದಿ ತಿರಸ್ಕರಿಸಬಹುದು. ಭಾಷೆ ಬೇರೆಯಾದವರು ಓದುವುದೇ ಇಲ್ಲ. ಕನ್ನಡ ಮಾಧ್ಯಮ ಶಾಲೆಗೆ ಕನ್ನಡ ಬಾರದ ಶಿಕ್ಷಕರನ್ನು ನೇಮಿಸಿದಾಗ ನಮ್ಮ ಮಕ್ಕಳೇ ಶಾಲೆಯ ಮುಂದೆ ಪ್ರತಿಭಟಿಸಬೇಕಾಯಿತು. ಗಣಿತದ ಮೇಷ್ಟ್ರು ಒಳ್ಳೆಯವರೇ ಇರಬಹುದು, ಏಳನೆಯ ತರಗತಿಯ ಮಗುವಿಗೆ ಭಿನ್ನರಾಶಿಯನ್ನು ಸನ್ನೆಯಲ್ಲಿ ಹೇಳಿಕೊಡಲು ಸಾಧ್ಯವೇ?

ಇಲ್ಲಿ ಕನ್ನಡ, ಮಲಯಾಳ ಎರಡೂ ಬಲ್ಲವರಿಗೆಂದೇ ಕೆಲವು ಗುಮಾಸ್ತ ಹುದ್ದೆಗಳಿವೆ. ಅಂಥ ಒಬ್ಬರು ಕುಳಿತ ಕಚೇರಿಗೂ ಇಲ್ಲದ ಕಚೇರಿಗೂ ಇರುವ ವ್ಯತ್ಯಾಸ ತಿಳಿಯಲು ಯಾವ ಅಧ್ಯಯನವೂ ಬೇಡ. ಅವರು ನಮ್ಮ ಧರ್ಮದವರೋ ಅಲ್ಲವೋ ಎಂದು ಯಾರೂ ಕೇಳುವುದಿಲ್ಲ. ಭಾಷೆಯನ್ನು ಕಲಿಯಬಹುದು, ಜಾತಿಯನ್ನು ಕಲಿಯಲು ಬರುವುದಿಲ್ಲ. ಹೊರಗಿನವರು ‘ನಮ್ಮವರು’ ಆಗಬಹುದಾದ ದಾರಿ ಇದೊಂದೇ ಅಲ್ಲವೇ?

ಹಳೇ ಲೆಕ್ಕಿಗ

ಗ್ರಾಮ ಆಡಳಿತ ಅಧಿಕಾರಿಯಾಗಿದ್ದೇನೆ, ಹೆಸರು ಬೇಡ. ಪರಿಶಿಷ್ಟ ಜಾತಿಯವನು. ಎಲ್ಲರೂ ಜನರ ಕಡೆಯಿಂದ ಹೇಳಿದಿರಿ, ಕುರ್ಚಿಯ ಕಡೆಯಿಂದ ಸ್ವಲ್ಪ ಕೇಳಿ.

ನಾನು ಬಂದ ಹೊಸದರಲ್ಲಿ ಕೇರಿಯವರು ಸಂಭ್ರಮಪಟ್ಟರು. ವೃದ್ಧಾಪ್ಯ ವೇತನಕ್ಕೆ ಅರ್ಜಿಯೇ ಹಾಕದಿದ್ದ ಮುದುಕಿಯರು ಬಂದರು. ಹಿಂದಿನವರ ಕಾಲದಲ್ಲಿ ಏಕೆ ಬರಲಿಲ್ಲ ಎಂದರೆ ‘ಅವರ ಕಚೇರಿಯಲ್ಲಿ ನಿಲ್ಲಲು ಒಂದು ಥರ ಆಗುತ್ತಿತ್ತು ಕಣಪ್ಪ’ ಎಂದರು. ಹಿಂದಿನವರು ಕೆಟ್ಟವರಾಗಿರಲಿಲ್ಲ, ಯಾರನ್ನೂ ಬೈದು ಕಳಿಸಿದವರಲ್ಲ. ಆದರೂ ಇವರು ಬಂದಿರಲಿಲ್ಲ.

ಅದಾದ ಮೇಲೆ ಜಮೀನಿನ ತಕರಾರು ಬಂತು, ನಮ್ಮವನೊಬ್ಬನಿಗೂ ಮೇಲಿನ ಬೀದಿಯವನಿಗೂ. ನನ್ನ ಸ್ಥಳ ತನಿಖೆಯ ವರದಿ ಹೇಗೆ ಬಂದರೂ ಅದಕ್ಕೆ ಜಾತಿಯ ಬಣ್ಣ ಅಂಟುತ್ತದೆ ಎಂದು ಗೊತ್ತಿತ್ತು. ಹೀಗಾಗಿ ನಮ್ಮವನಿಂದ ಬೇರೆಯವರಿಗಿಂತ ಹೆಚ್ಚು ದಾಖಲೆ ಕೇಳಿದೆ. ಅವನು ಎಲ್ಲರ ಎದುರು ‘ನೀನೂ ಅವರಂತೆಯೇ ಆಗಿಬಿಟ್ಟೆ’ ಎಂದ. ನಮ್ಮ ಮೇಲಿನವರಿಗೆ ಈ ಭಯವಿಲ್ಲ. ಅವರು ತಮ್ಮವರಿಗೆ ಮಾಡಿಕೊಟ್ಟರೆ ಅದು ಊರಿನ ರೂಢಿ, ನಾನು ಮಾಡಿಕೊಟ್ಟರೆ ಅರ್ಜಿ ಮೇಲೆ ಅರ್ಜಿ, ಲೋಕಾಯುಕ್ತದವರೆಗೆ.

ಇನ್ನು ಫ್ಲೆಕ್ಸ್ ವಿಷಯ. ತಹಶೀಲ್ದಾರರ ಜಾತಿಯನ್ನು ನೋಡಬೇಡಿ, ಅವರನ್ನು ಅಲ್ಲಿಗೆ ತಂದ ಶಿಫಾರಸು ಪತ್ರ ಯಾರದ್ದು ಎಂದು ನೋಡಿ. ಆ ಪತ್ರ ಕೊಟ್ಟವರ ಮಾತು ಮೊದಲು, ಜಾತಿಯ ಸಂಘದವರು ಅನಂತರ, ಸಾಲಿನಲ್ಲಿ ನಿಂತ ಜಾತಿಯವರು ಕೊನೆಗೆ.

ಪಿಎಚ್‌ಸಿ ಸಿಸ್ಟರ್

ಲೆಕ್ಕಿಗ ಅಣ್ಣ, ಹೆಚ್ಚು ದಾಖಲೆ ಕೇಳಿದ್ದು ನಮ್ಮಲ್ಲೂ ಇದೆ. ಹೆರಿಗೆ ವಾರ್ಡಿನಲ್ಲಿ ಹೆಂಗಸರನ್ನು ಗದರುವುದರಲ್ಲಿ ನಾವು ಹೆಂಗಸರೇ ಮುಂದು.

ಅಂಕಿಸಂಖ್ಯೆ

ಪೊಲೀಸ್ ಠಾಣೆಗಳ ವಿಷಯದಲ್ಲೂ ಹೀಗೇ ಎರಡು ಬಗೆ ಕಾಣುತ್ತದೆ. ಮಧ್ಯಪ್ರದೇಶದ 180 ಠಾಣೆಗಳಲ್ಲಿ ನಡೆದ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ಮಾಮೂಲಿ ಠಾಣೆಯೊಳಗೇ ಮಹಿಳಾ ಸಹಾಯ ಕೇಂದ್ರ ಇಟ್ಟು ಅದಕ್ಕೆ ಮಹಿಳಾ ಸಿಬ್ಬಂದಿಯನ್ನು ಕೂರಿಸಿದಾಗ ದೂರುಗಳ ದಾಖಲಾತಿ ಏರಿತು. ಹರಿಯಾಣದಲ್ಲಿ ಮಹಿಳೆಯರಿಗೆಂದೇ ಪ್ರತ್ಯೇಕ ಠಾಣೆ ತೆರೆದಾಗ ಮಾಮೂಲಿ ಠಾಣೆಯವರು ‘ನಿಮ್ಮ ಠಾಣೆ ಅಲ್ಲಿದೆ, ಹೋಗಿ’ ಎಂದು ಕೈ ತೊಳೆದುಕೊಂಡರು. ನಮ್ಮವರಿಗಾಗಿ ಪ್ರತ್ಯೇಕ ಕೋಣೆ ಕೇಳುವ ಮೊದಲು ಇದನ್ನು ನೋಡಬೇಕು.

ಹಳೇ ಶಿರಸ್ತೇದಾರ

ಕೆರೆಯಂಗಳದವರೇ, ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದೊಡನೆ ನಾಡಕಚೇರಿಯಲ್ಲಿ ಅರ್ಜಿ ಹಾಕಲು ಚಿಕ್ಕಪ್ಪನವರಿಗೆ ಹೇಳಿ. ಸೇವೆಗೆ ಗಡುವು ಹಾಕುವ ‘ಸಕಾಲ’ ಯೋಜನೆಯ ಸ್ವೀಕೃತಿ ಸಂಖ್ಯೆ ಪಡೆಯದೆ ಹಿಂದಿರುಗಬಾರದು. ಗಡುವು ಮೀರಿದರೆ ಆ ಸಂಖ್ಯೆ ಹಿಡಿದು ಮೇಲ್ಮನವಿ ಹಾಕಬಹುದು. ಬರಿಗೈಯಲ್ಲಿ ಕೊಟ್ಟ ಅರ್ಜಿ ಎಲ್ಲಿಯೂ ಲೆಕ್ಕಕ್ಕಿಲ್ಲ.

ಲೆಕ್ಕಿಗರೇ, ಶಿಫಾರಸು ಪತ್ರದ ಮಾತು ನೂರಕ್ಕೆ ನೂರು ಸತ್ಯ. ಶಿಕ್ಷಕರಿಗೆ 2007ರ ಕಾಯ್ದೆಯಿಂದ ಕೌನ್ಸೆಲಿಂಗ್ ಬಂತು, ಜ್ಯೇಷ್ಠತೆ, ಖಾಲಿ ಹುದ್ದೆ ನೋಡಿ ವರ್ಗಾವಣೆ. ತಹಶೀಲ್ದಾರ್ ಹುದ್ದೆಗಳಿಗೂ ಅಂಥದ್ದು ಬರಲಿ ಎಂದು ನಾನು ಹೇಳಿದರೆ ನನ್ನ ಹಳೆಯ ಸಹೋದ್ಯೋಗಿಗಳೇ ನಗುತ್ತಾರೆ.

ಹಳೇ ಲೆಕ್ಕಿಗ

ನಗುವವರಲ್ಲಿ ನಮ್ಮ ಜಾತಿಯವರೂ ಇದ್ದಾರೆ, ಸರ್. ಕೌನ್ಸೆಲಿಂಗ್ ಬಂದರೆ ಪತ್ರ ತಂದವರಿಗೆ ಒಳ್ಳೆಯ ತಾಲ್ಲೂಕು ತಪ್ಪುತ್ತದೆ.